ಅಧ್ಯಕ್ಷರ ಪತಿಯ ಅಹವಾಲು

ನಮ್ಮೂರಿನಲ್ಲಿ ಯಾರದಾದರೂ ಬಾಯಿ ಮುಚ್ಚಿಸಬೇಕೆಂದರೆ ಅವರನ್ನು ಬೈಯುವುದಿಲ್ಲ, ಚುನಾವಣೆಗೆ ನಿಲ್ಲಿಸಿ ಗೆಲ್ಲಿಸುತ್ತೇವೆ. ಊರಿನ ನಾಲ್ಕೂ ದಿಕ್ಕಿಗೆ ಸುಣ್ಣ ಬಳಿದ ಗಡಿಕಲ್ಲುಗಳಿವೆ. ಮತ ಪಡೆದು ಗೆದ್ದವರು ಯಾರೇ ಆಗಿರಲಿ, ಆ ಕಲ್ಲುಗಳ ಒಳಗೆ ಇರುವಷ್ಟು ಹೊತ್ತು ಅವರ ನಾಲಿಗೆ ಏಳುವುದಿಲ್ಲ. ಕಲ್ಲು ದಾಟಿ ಒಂದು ಹೆಜ್ಜೆ ಆಚೆ ಇಟ್ಟರೆ ಮಾತು ಸರಾಗವಾಗಿ ಬರುತ್ತದೆ, ಒಂದು ಹೆಜ್ಜೆ ಈಚೆ ಬಂದರೆ ನಿಂತುಹೋಗುತ್ತದೆ. ಬರೆದಾದರೂ ತಿಳಿಸೋಣವೆಂದರೆ ಪೆನ್ನು ಕಾಗೆಕಾಲು ಎಳೆಯುತ್ತದೆಯೇ ಹೊರತು ಅಕ್ಷರ ಕೂಡುವುದಿಲ್ಲ. ಅವಧಿ ಮುಗಿದ ದಿನ ಎಲ್ಲ ಮೊದಲಿನಂತೆ ಆಗುತ್ತದೆ. ಹೀಗೇಕೆ ಎಂದು ಹೊರಗಿನವರು ಕೇಳುತ್ತಾರೆ. ನಾವು ಯಾವತ್ತೂ ಕೇಳಿಕೊಂಡವರಲ್ಲ. ಊರು ಅಂದಮೇಲೆ ಒಂದು ರಿವಾಜು ಇರಬೇಕು, ನಮ್ಮೂರಿಗೆ ಇದಿದೆ, ಅಷ್ಟೆ.

ಇದರಿಂದ ನಮಗೆ ಕೆಡುಕಾಗಿಲ್ಲ. ಪುರಸಭೆಯ ಸಭೆಗಳು ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮುಗಿಯುತ್ತವೆ. ಮದುವೆ ಮನೆಗಳಲ್ಲಿ ಊಟಕ್ಕೆ ಕೂತವರನ್ನು ಹಿಡಿದು ತನ್ನ ಮೂಲವ್ಯಾಧಿಯ ಕಥೆ ಹೇಳುತ್ತಿದ್ದ ಒಬ್ಬ ಮಹಾನುಭಾವನನ್ನು ಇಡೀ ವಾರ್ಡು ಪಕ್ಷಭೇದ ಮರೆತು ಅವಿರೋಧವಾಗಿ ಆರಿಸಿತ್ತು. ಹಿಂದೆ ಗೆದ್ದವರ ಸನ್ನೆಗೆ ಬೆಲೆ ಇತ್ತಂತೆ. ಒಬ್ಬ ಅಧ್ಯಕ್ಷರು ಮೂಗಿನ ಮೇಲೆ ಕೂತ ನೊಣ ಓಡಿಸಲು ತಲೆ ಕೊಡವಿದ್ದನ್ನು ‘ಆಗಲಿ’ ಎಂದು ತಿಳಿದು ನಮ್ಮ ಕೆರೆಯ ಮೀನನ್ನೆಲ್ಲ ಪಕ್ಕದ ದೊಡ್ಡೂರಿನವರಿಗೆ ಬಲೆ ಹಾಕಿ ಒಯ್ಯಲು ಬಿಟ್ಟರಂತೆ. ಅವತ್ತಿನಿಂದ ಹಿರಿಯರು ಕಟ್ಟುಮಾಡಿದರು: ಸನ್ನೆ ಸಲ್ಲದು. ಗೆದ್ದವರ ಮುಂದೆ ವಿಷಯ ಇಡಬೇಕು, ಅವರು ಸುಮ್ಮನಿರುತ್ತಾರೆ, ಮೌನಂ ಸಮ್ಮತಿಲಕ್ಷಣಂ. ಸುಮ್ಮನಿದ್ದರೆ ಒಪ್ಪಿದಂತೆ. ಇಷ್ಟು ಸರಳವಾದ ರಾಜ್ಯಭಾರ ಇನ್ನೆಲ್ಲಿದೆ ಹೇಳಿ.

ನನ್ನ ಹೆಸರು ಕೊಟ್ರಬಸಪ್ಪ. ಪೇಟೆಬೀದಿಯಲ್ಲಿ ತಾಮ್ರ, ಹಿತ್ತಾಳೆ ಪಾತ್ರೆಗಳ ಅಂಗಡಿ ಇದೆ. ಸ್ಟೀಲು ಇಡುವುದಿಲ್ಲ, ಕೇಳಿದವರಿಗೆ ಸ್ಟೀಲಿನಲ್ಲಿ ಕುಡಿದರೆ ಹಲ್ಲು ಸಡಿಲವಾಗುತ್ತದೆ ಎಂದು ಹೇಳಿ ಕಳಿಸುತ್ತೇನೆ. ನಾನು ಹಳೇ ಕಾಲದವನು. ಹಾಗೆಂದು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ, ನಾಚಿಕೆ ಪಡಬೇಕಾದವರು ಬೇರೆ ಇದ್ದಾರೆ. ಪ್ರತಿ ಚುನಾವಣೆಯ ಮುಂಚೆ ಮೂಡಣ ಗಡಿಕಲ್ಲಿಗೆ ಸುಣ್ಣ ಬಳಿಯುವುದು ನಮ್ಮ ಮನೆತನದ ಹಕ್ಕು. ನಮ್ಮಪ್ಪ ಬಳಿಯುತ್ತಿದ್ದ, ಅವನಪ್ಪ ಬಳಿಯುತ್ತಿದ್ದ, ಈಗ ನಾನು.

ದೇಶದ ಆಡಳಿತ ನಡೆಸುತ್ತಿದ್ದವರು ವಿಶ್ವಂಭರರಾಯರು. ನಮ್ಮ ಜನ ಅವರನ್ನು ದೊಡ್ಡಮಂತ್ರಿಗಳು ಎನ್ನುತ್ತಾರೆ. ಅವರಿಗೆ ಮೊದಲ ಸಲದಿಂದಲೂ ನನ್ನ ಮತ. ‘ಹಿರಿಯರು ಕಟ್ಟಿದ್ದನ್ನು ಕಾಯುತ್ತೇನೆ’ ಎಂದು ಭಾಷಣದಲ್ಲಿ ಹೇಳಿದ್ದರು, ನಾನು ನಂಬಿದ್ದೆ. ಗೆದ್ದಮೇಲೆ ನೋಡಿದರೆ ಮನುಷ್ಯನಿಗೆ ಕೈ ಸುಮ್ಮನಿರದು. ಸೋಮವಾರದ ಸಂತೆಯನ್ನು ಭಾನುವಾರಕ್ಕೆ ತಂದರು. ಬೀದಿಗಳಿಗೆ ಹೊಸ ಹೆಸರು ಇಟ್ಟರು. ಸೊಪ್ಪಿನ ಬೀದಿಗೆ ‘ಪ್ರಗತಿಪಥ’ ಎಂದು ಹಲಗೆ ಬಿತ್ತು, ಅಲ್ಲಿ ಈಗಲೂ ಸಿಗುವುದು ಸೊಪ್ಪೇ. ಆಮೇಲೆ ಪುರಸಭೆಗಳಲ್ಲಿ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲು ಎಂದು ಕಾನೂನು ಮಾಡಿದರು. ಇದನ್ನು ನಾನು ಕಟ್ಟೆಯ ಮೇಲೆ ಕೂತು ಬಲವಾಗಿ ಖಂಡಿಸಿದೆ. ಖಂಡಿಸಿ ಮನೆಗೆ ಬಂದು, ನನ್ನ ಹೆಂಡತಿ ಹಾಲಮ್ಮನ ಹೆಸರು ಕೊಟ್ಟೆ. ಕಾನೂನು ಕೆಟ್ಟದ್ದೇ ಇರಬಹುದು, ಸ್ಥಾನ ಬೇರೆ ಮನೆಗೆ ಹೋಗುವುದು ಅದಕ್ಕಿಂತ ಕೆಟ್ಟದ್ದು.

ಹಾಲಮ್ಮ ಗೆದ್ದಳು. ಅವಳಿಗೆ ಊರಿನಲ್ಲಿ ಒಳ್ಳೆಯ ಹೆಸರು ಇತ್ತು, ಬಾಯಿಯೂ ಇತ್ತು. ಫಲಿತಾಂಶದ ದಿನ ಬಾಗಿಲಲ್ಲಿ ನಿಂತು ‘ಏನ್ರೀ, ಹೂವಿನ ಹಾರ ತಂದೋರಿಗೆ ಒಂದೀಟು ಬೆಲ್ಲನಾರ...’ ಎಂದವಳು ಅಲ್ಲಿಗೇ ನಿಂತಳು. ಅದು ನಮ್ಮ ಮನೆಯಲ್ಲಿ ಅವಳ ಕೊನೆಯ ಮಾತು. ‘ಸಂತೋಷ ಆತಿಲ್ಲ?’ ಎಂದು ಕೇಳಿದೆ. ಸುಮ್ಮನಿದ್ದಳು. ಆಗಿದೆ ಎಂದು ತಿಳಿದೆ.

ಮೊದಮೊದಲು ಹಿತವಾಗಿಯೇ ಇತ್ತು ಎಂದರೆ ಯಾರೂ ತಪ್ಪು ತಿಳಿಯಬಾರದು. ಪಂಚಾಂಗ ಓದುವಾಗ ಯಾರೂ ನಡುವೆ ಬಾಯಿ ಹಾಕುತ್ತಿರಲಿಲ್ಲ. ನಾನು ಒಳ್ಳೆಯ ಗಂಡ, ಅವಳನ್ನು ಕೇಳದೆ ಏನನ್ನೂ ಮಾಡಲಿಲ್ಲ. ಮುಂಬಾಗಿಲಿಗೆ ಹಸಿರು ಬಣ್ಣ ಹೊಡೆಸಲಾ ಎಂದು ಕೇಳಿದೆ, ಸುಮ್ಮನಿದ್ದಳು, ಹೊಡೆಸಿದೆ. ಸೋಮವಾರ ಹೀರೇಕಾಯಿ ಇರಲಿ ಅಂದೆ, ಸುಮ್ಮನಿದ್ದಳು, ಪ್ರತಿ ಸೋಮವಾರ ತಂದೆ. ಬಚ್ಚಲಲ್ಲಿ ಅವಳ ತವರಿನಿಂದ ಬಂದ ತಾಮ್ರದ ಹಂಡೆಯೊಂದಿತ್ತು, ಅವರಮ್ಮ ನೀರು ಕಾಯಿಸುತ್ತಿದ್ದದ್ದು, ಈಗ ತಳ ಸೋರುತ್ತಿತ್ತು. ಅದನ್ನು ಕರಗಿಸಿ ಅಂಗಡಿಗೆ ಒಂದು ಬೋರ್ಡು ಮಾಡಿಸಲಾ ಎಂದು ಕೇಳಿದೆ. ಆಗಲೂ ಸುಮ್ಮನಿದ್ದಳು. ‘ಕೊಟ್ರಬಸಪ್ಪ, ಅಧ್ಯಕ್ಷರ ಪತಿ’ ಎಂದು ತಾಮ್ರದ ಅಕ್ಷರಗಳು ಅಂಗಡಿಯ ಮೇಲೆ ಬಂದವು. ಹುಣಸೇಹಣ್ಣು ಹಾಕಿ ಉಜ್ಜಿದರೆ ಬೀದಿಯ ಆ ತುದಿಗೆ ಹೊಳೆಯುತ್ತಿತ್ತು.

ವರ್ಷ ಒಂದಾಯಿತು, ಎರಡಾಯಿತು. ಮನೆ ಒಂಥರಾ ಆಗತೊಡಗಿತು. ಪಾತ್ರೆಗಳ ಸದ್ದು, ಒಗ್ಗರಣೆಯ ಸದ್ದು, ಬಾಗಿಲಿನ ಸದ್ದು ಎಲ್ಲ ಇತ್ತು. ಹಿಂದೆ ನಾನು ತಡವಾಗಿ ಬಂದರೆ ‘ಬಂದ್ರಾ, ಊರು ಉದ್ಧಾರ ಆತಾ?’ ಎಂದು ಒಳಗಿನಿಂದ ಕೇಳುತ್ತಿದ್ದಳು. ಆಗ ಮೈಯುರಿಯುತ್ತಿತ್ತು. ಈಗ ಬಾಗಿಲು ತಳ್ಳಿ ಒಳಗೆ ಬಂದವನು ಚಪ್ಪಲಿ ಬಿಡುತ್ತಾ ಆ ಮಾತಿಗೆ ಒಂದು ಗಳಿಗೆ ಕಾಯುತ್ತಿದ್ದೆ. ನನಗೆ ಅವಳ ದನಿ ಬೇಕಾಗಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ, ಹೇಳುವ ಮಾತೇ ಅದು?

ದನಿ ಸಿಗುವ ಜಾಗ ಒಂದಿತ್ತು. ಮೂಡಣ ಕಲ್ಲಿನ ಆಚೆ, ಹತ್ತು ಮಾರು ದೂರದಲ್ಲಿ, ಬೇವಿನ ಮರದ ಕೆಳಗೆ ಮಾಬೂಸಾಬನ ಚಹಾದಂಗಡಿ. ಸಂಜೆಯಾದರೆ ಗೆದ್ದವರೆಲ್ಲ ಹೆಂಡಿರು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿ ದಿನದ ಮಾತೆಲ್ಲ ಆಡಿ ಮುಗಿಸಿ ಬರುತ್ತಾರೆ. ಜಗಳವಾಡಲು ಬೇರೆ ಬೆಂಚಿದೆ. ಹಾಲಮ್ಮನೂ ದಿನಾ ಸಂಜೆ ಹೋಗುತ್ತಿದ್ದಳು. ಮೊದಲ ದಿನ ಹೊಸ್ತಿಲಲ್ಲಿ ನಿಂತು ನನ್ನ ಮುಖವನ್ನೇ ನೋಡಿದಳು, ಬರುತ್ತೀರಾ ಎಂಬಂತೆ. ನಾನು ಹೋಗಲಿಲ್ಲ. ಸನ್ನೆ ಸಲ್ಲದು. ಅದೂ ಅಲ್ಲದೆ ‘ಕಲ್ಲಿನಾಚೆ ಕೂತು ಹರಟೋನು ಮನೆಹಾಳ’ ಎಂದು ನಮ್ಮಪ್ಪ ಹೇಳುತ್ತಿದ್ದ. ವ್ಯಾಪಾರಕ್ಕೆಂದು ಬಸ್ಸಿನಲ್ಲಿ ದಾಟುತ್ತೇನೆ, ಅದು ಬೇರೆ. ಇಳಿದು, ಕೂತು, ಮನೆಯ ಮಾತನ್ನು ಬೀದಿಯಲ್ಲಿ ಆಡುವ ಜಾತಿಯವನು ನಾನಲ್ಲ. ಹಾಲಮ್ಮ ಊರೂರು ತಿರುಗುವುದು ಪುರಸಭೆಯ ಜೀಪಿನಲ್ಲಿ, ನಾನು ಸರಕಾರಿ ಜೀಪಿನಲ್ಲಿ ಸ್ವಂತ ಕೆಲಸಕ್ಕೆ ಕೂರುವವನಲ್ಲ. ಹೀಗೆ ನನ್ನ ತತ್ವಗಳೆಲ್ಲ ಒಟ್ಟಾಗಿ ನನ್ನನ್ನು ಮನೆಯಲ್ಲೇ ಕೂರಿಸಿದವು.

ಕಟ್ಟೆಯ ಗೆಳೆಯ ಗುರುಶಾಂತಪ್ಪನಿಗೆ ಅಂಥ ತತ್ವಗಳಿಲ್ಲ. ಅಲ್ಲಿ ಚಹಾ ಕುಡಿದು ಬಂದು ನನಗೆ ವರದಿ ಒಪ್ಪಿಸುತ್ತಿದ್ದ. ‘ನಿಮ್ಮನಿಯೋರು ನಿನ್ನೆ ಎಷ್ಟು ನಗಿಸಿದ್ರು ಅಂತೀಯ, ಮಾಬೂಸಾಬ ಹಾಲು ಉಕ್ಕಿಸಿಬಿಟ್ಟ.’

‘ಏನಂದಳು?’

‘ಅದನ್ನ ನಾ ಹೇಳಿದ್ರ ಮಜಾ ಬರಂಗಿಲ್ಲ. ಬಾ, ನೀನೇ ಕೇಳು.’

‘ನಾ ಬರಂಗಿಲ್ಲ.’

‘ಹಂಗಾದ್ರ ಬಿಡು,’ ಎನ್ನುತ್ತಿದ್ದ. ಊರಿನವರೆಲ್ಲ ನನ್ನ ಹೆಂಡತಿಯ ಮಾತು ಕೇಳಿ ನಕ್ಕು ಬರುತ್ತಿದ್ದರು. ನನಗೆ ಸಿಗುತ್ತಿದ್ದದ್ದು ಹೀರೇಕಾಯಿ.

ಹೀಗಿರುವಾಗ ರಾಜಧಾನಿಯಿಂದ ಆಜ್ಞೆ ಬಂತು. ಸಣ್ಣ ಊರುಗಳನ್ನೆಲ್ಲ ಪಕ್ಕದ ದೊಡ್ಡ ಊರಿಗೆ ಸೇರಿಸುವುದು, ಹಳೆಯ ಗಡಿಕಲ್ಲುಗಳನ್ನು ಕೀಳುವುದು. ನಮ್ಮೂರು ದೊಡ್ಡೂರಿನ ಒಂದು ಮೂಲೆಯಾಗುತ್ತದೆ. ಕಲ್ಲು ಹೋದರೆ ರಿವಾಜು ಹೋಗುತ್ತದೆ ಎಂಬುದು ಹಾಲು ಕುಡಿಯುವ ಕೂಸಿಗೂ ಗೊತ್ತು. ಕಲ್ಲು ಹೋದರೆ ನನ್ನ ಮನೆಯಲ್ಲಿ ಮತ್ತೆ ಮಾತು ಬರುತ್ತದೆ ಎಂಬುದೂ ನನಗೆ ಹೊಳೆಯದೆ ಇರಲಿಲ್ಲ. ಒಂದು ಮಧ್ಯಾಹ್ನ ಕೈಯಲ್ಲಿದ್ದ ಚೊಂಬನ್ನು ಉಜ್ಜುವುದು ಬಿಟ್ಟು ಅದನ್ನೇ ಯೋಚಿಸಿದೆ. ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಒಬ್ಬ ಮನುಷ್ಯನ ಮನೆ ಬಿಕೋ ಎನ್ನುತ್ತದೆಂದು ಊರಿನ ಬೇರು ಕೀಳುತ್ತಾರೆಯೇ? ಸಂಜೆ ಹಾಲಮ್ಮನ ಮುಂದೆ ನಿಂತು ಕೇಳಿದೆ: ‘ಕಲ್ಲು ಕೀಳಬಾರದು ಅಂತ ಊರ ಪರವಾಗಿ ನಾನು ಹೇಳ್ತೀನಿ. ಒಪ್ಪಿಗೆ ಐತಿಲ್ಲ?’ ಅವಳು ಸೊಪ್ಪು ಸೋಸುತ್ತಿದ್ದಳು. ಸುಮ್ಮನಿದ್ದಳು. ಅಧ್ಯಕ್ಷರೂ ನನ್ನ ಕಡೆಗೇ ಎಂದು ಕಟ್ಟೆಗೆ ಹೋಗಿ ಸಾರಿದೆ.

ಅಷ್ಟರಲ್ಲಿ ಇನ್ನೊಂದು ಸುದ್ದಿ. ದೊಡ್ಡಮಂತ್ರಿಗಳು ಸ್ವತಃ ನಮ್ಮೂರಿಗೆ ಬರುತ್ತಾರಂತೆ. ಮಾತಾಡಿ ಮಾತಾಡಿ ಅವರ ಗಂಟಲು ಹುಣ್ಣಾಗಿತ್ತು. ಮಾತು ನಿಲ್ಲಿಸದಿದ್ದರೆ ದನಿಯೇ ಹೋಗುತ್ತದೆ ಎಂದು ವೈದ್ಯರು ಹೆದರಿಸಿದ್ದರು. ಬೆಟ್ಟಕ್ಕೆ ಕಳಿಸಿದರೆ ಬೆಟ್ಟದ ಮೇಲೆ ಭಾಷಣ, ಆಸ್ಪತ್ರೆಗೆ ಹಾಕಿದರೆ ದಾದಿಯರಿಗೆ ಭಾಷಣ. ಕೊನೆಗೆ ಯಾರೋ ನಮ್ಮೂರಿನ ಹೆಸರು ಹೇಳಿದರಂತೆ. ಔಷಧಿಗೆಂದು ನಮ್ಮೂರಿಗೆ ಬಂದ ಮೊದಲ ರಾಜಕಾರಣಿ ಅವರು.

ಮೂಡಣ ಕಲ್ಲಿನ ಹತ್ತಿರ ಊರಿಗೆ ಊರೇ ನೆರೆದಿತ್ತು. ಕಾರಿನ ಮೇಲೆ ಧ್ವನಿವರ್ಧಕ, ಅದರೊಳಗಿನಿಂದ ಒಡಕು ದನಿ: ‘ಬಂಧುಗಳೇ, ಭಗಿನಿಯರೇ, ನಿಮ್ಮ ಈ ಪುಟ್ಟ ಊರಿಗೆ ನಾನು ಒಂದು ಮಹತ್ತರವಾದ...’ ಕಾರಿನ ಮುಂದಿನ ಗಾಲಿ ಕಲ್ಲು ದಾಟಿತು. ಧ್ವನಿವರ್ಧಕದಲ್ಲಿ ಗುಂಯ್ ಎನ್ನುವುದೊಂದೇ ಉಳಿಯಿತು. ಒಳಗೆ ರಾಯರು ಬಾಯಿ ತೆರೆಯುತ್ತಾ ಮುಚ್ಚುತ್ತಾ ಇದ್ದರು. ಇಳಿದಾಗ ನೋಡಿದೆ, ತೆಳ್ಳನೆಯ ಮನುಷ್ಯ, ದಪ್ಪ ಕನ್ನಡಕ, ಸಂತೆಯಲ್ಲಿ ದಾರಿ ತಪ್ಪಿದವರ ಹಾಗೆ ನಿಂತಿದ್ದರು. ಹಾಲಮ್ಮ ಹಾರ ಹಾಕಿದಳು. ಮಾತಿಲ್ಲದ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಕೈಮುಗಿದರು. ಹಾಲಮ್ಮ ನಕ್ಕಳು. ನನ್ನ ನೋಡಿ ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು.

ಎರಡು ದಿನ ರಾಯರು ಪ್ರವಾಸಿ ಮಂದಿರದ ಜಗಲಿಯಲ್ಲಿ ಜೇನುತುಪ್ಪ, ಮೆಣಸಿನ ಕಷಾಯ ಕುಡಿಯುತ್ತಾ ಕೂತರು. ಮೂರನೆಯ ದಿನ, ಹೊರಡುವ ಮುನ್ನ, ಊರ ಜನರ ಅಹವಾಲು ಕೇಳುತ್ತಾರೆಂದು ಅವರ ಕಾರ್ಯದರ್ಶಿ ತಿಳಿಸಿದ. ಇಂಥ ಅವಕಾಶ ದೇಶದಲ್ಲಿ ಬೇರೆ ಯಾರಿಗೆ ಸಿಕ್ಕೀತು? ಮಧ್ಯೆ ಮಾತಾಡದ ದೊಡ್ಡಮಂತ್ರಿ! ಅಧ್ಯಕ್ಷರ ಪತಿಯೆಂದು ಮೊದಲ ಮಾತು ನನ್ನದೇ ಆಯಿತು. ಬಿಳಿ ಅಂಗಿ, ಜರಿ ಅಂಚಿನ ಶಲ್ಯ ಹಾಕಿಕೊಂಡು ಪುರಸಭೆಯ ಅಂಗಳದಲ್ಲಿ ನಿಂತೆ. ಎದುರಿಗೆ ಎರಡು ಕುರ್ಚಿ, ಒಂದರಲ್ಲಿ ರಾಯರು, ಇನ್ನೊಂದರಲ್ಲಿ ನನ್ನ ಹೆಂಡತಿ.

‘ಸ್ವಾಮಿ,’ ಎಂದೆ. ‘ನಾನು ನಿಮಗೇ ಮತ ಹಾಕಿದೋನು. ಅದಕ್ಕೇ ಹೇಳ್ತೀನಿ, ಬೇರೆಯೋರಾಗಿದ್ರ ಹೇಳ್ತಿರಲಿಲ್ಲ. ನಿಮ್ಮನ್ನ ನಾವು ಆರಿಸಿದ್ದು ಏನೂ ಮಾಡದೇ ಇರ್ಲಿ ಅಂತ. ನೀವು ನೋಡಿದ್ರ ದಿನಾ ಏನಾರ ಒಂದು ಮಾಡ್ತೀರಿ. ಒಂದು ಕಾನೂನಿಗೆ ಒಗ್ಗೋದ್ರಾಗ ಇನ್ನೊಂದು ಬರ್ತೈತಿ. ಹೊಸ ಚಪ್ಪಲಿನೂ ಕಾಲಿಗೆ ಕೂರಾಕ ನಾಲ್ಕು ದಿನ ಬೇಕು, ನೀವು ದಿನಕ್ಕೊಂದು ಜೋಡು ಕೊಡ್ತೀರಿ. ಸಂತಿ ಯಾಕ ಭಾನುವಾರ? ಸೋಮವಾರಕ್ಕ ಏನಾಗಿತ್ತು? ಸೊಪ್ಪಿನ ಬೀದಿ ನಿಮಗ ಏನು ಮಾಡಿತ್ತು?’

ಜನ ಹೋ ಎಂದರು. ನನಗೆ ಹುರುಪು ಬಂತು. ರೇಡಿಯೋದಲ್ಲಿ ಬೆಳಗಿನ ಭಕ್ತಿಗೀತೆಯ ಹೊತ್ತಿಗೆ ಅವರ ಭಾಷಣ ಬರುವುದನ್ನು ಹೇಳಿದೆ. ಹುಡುಗರು ಹಿರಿಯರ ಮುಂದೆ ಕಾಲ ಮೇಲೆ ಕಾಲು ಹಾಕುವುದನ್ನು ಹೇಳಿದೆ. ಸ್ಟೀಲನ್ನಂತೂ ಬಿಡಲಿಲ್ಲ. ರಾಯರು ಕೆಲವು ಸಲ ಏನೋ ಹೇಳಲು ಕುರ್ಚಿಯ ತುದಿಗೆ ಬಂದರು, ತುಟಿ ಅಲುಗಾಡಿತು, ಕೈ ಮೇಲೆದ್ದಿತು. ಸಲ್ಲದು. ಮತ್ತೆ ಹಿಂದಕ್ಕೆ ಒರಗಿದರು. ಆಮೇಲೆ ನಿಧಾನವಾಗಿ ಅವರ ಕೈ ತೊಡೆಯ ಮೇಲೆ ಸುಮ್ಮನಾಯಿತು. ಕೇಳುತ್ತಿದ್ದರು. ಅಷ್ಟು ದೊಡ್ಡ ಮನುಷ್ಯ ನನ್ನನ್ನೇ ನೋಡುತ್ತಾ ಕೇಳುತ್ತಿದ್ದದ್ದು ಕಂಡು ನನ್ನ ದನಿಯೂ ತಾನಾಗಿ ತಗ್ಗಿತು.

‘ಕೊನೇದು ಗಡಿಕಲ್ಲು,’ ಎಂದೆ. ‘ಅದು ಯಾಕ ಐತಿ ಅಂತ ನೀವು ಕೇಳಬಹುದು. ನನಗ ಗೊತ್ತಿಲ್ಲ. ನಮ್ಮಪ್ಪಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಾನೇ ಕೀಳಬ್ಯಾಡ್ರಿ ಅಂತೀನಿ. ಹಳೇ ಗೋಡ್ಯಾಗಿನ ಕಲ್ಲು ಏನನ್ನ ಹಿಡಕೊಂಡು ನಿಂತೈತಿ ಅನ್ನೋದು ಕಿತ್ತಮೇಲೇ ತಿಳಿಯೋದು. ಆಗ ತಿಳಕೊಂಡು ಏನು ಮಾಡೋದು? ಊರೆಲ್ಲಾ ಒಂದೇ ಮಾತು, ಅಧ್ಯಕ್ಷರೂ ಒಪ್ಯಾರ.’ ಶಲ್ಯದ ಅಂಚಿನಿಂದ ಮುಖ ಒರೆಸಿಕೊಂಡೆ. ಆ ಮಾತನ್ನು ಮಾತ್ರ ನಾನು ಜಂಬಕ್ಕೆ ಆಡಿರಲಿಲ್ಲ.

ರಾಯರು ಸುಮ್ಮನಿದ್ದರು. ಮೌನಂ ಸಮ್ಮತಿಲಕ್ಷಣಂ! ಗುರುಶಾಂತಪ್ಪ ಮೊದಲು ಚಪ್ಪಾಳೆ ಹೊಡೆದ, ಆಮೇಲೆ ಅಂಗಳವೆಲ್ಲ ಹೊಡೆಯಿತು. ಕಲ್ಲು ಉಳಿಯಿತು, ಸಂತೆ ಸೋಮವಾರಕ್ಕೆ ಬಂತು, ಸೊಪ್ಪಿನ ಬೀದಿ ಮತ್ತೆ ಸೊಪ್ಪಿನ ಬೀದಿಯಾಯಿತು ಎಂದು ಜನ ನನ್ನ ಬೆನ್ನು ತಟ್ಟಿದರು. ಬ್ಯಾಂಡಿನವರು ಬಂದರು. ಸಂಜೆಯ ಬಿಸಿಲಿನಲ್ಲಿ ರಾಯರ ಕಾರಿನ ಮುಂದೆ ಕುಣಿಯುತ್ತಾ ಮೂಡಣ ಕಲ್ಲಿನ ತನಕ ಹೋದೆವು. ನಮ್ಮ ಕಟ್ಟಿನ ಪ್ರಕಾರ ಬೀಳ್ಕೊಡುಗೆ ಕಲ್ಲಿನ ಈಚೆಗೇ ಮುಗಿಯಬೇಕು. ಕೈಮುಗಿದು ನಿಂತೆವು. ಕಾರು ದಾಟಿತು.

ದಾಟಿ, ನಿಂತಿತು. ರಾಯರು ಕೆಳಗಿಳಿದರು. ಗಂಟಲು ಸರಿಮಾಡಿಕೊಂಡರು. ದನಿಯ ಒಡಕು ಹೋಗಿತ್ತು.

‘ಕೊಟ್ರಬಸಪ್ಪನವರೇ, ನಾನು ಒಪ್ಪಿಲ್ಲ,’ ಎಂದರು.

ಬ್ಯಾಂಡು ನಿಂತಿತು. ನಮ್ಮೂರಿನ ಚರಿತ್ರೆಯಲ್ಲಿ ಸುಮ್ಮನಿದ್ದವರೊಬ್ಬರು ಆಮೇಲೆ ಒಪ್ಪಿಲ್ಲ ಎಂದದ್ದು ಇದೇ ಮೊದಲು. ‘ಹಂಗಂದ್ರ ಹೆಂಗ್ರಿ? ನೀವು ಸುಮ್ಮನಿದ್ರಲ್ಲ!’ ಎಂದೆ.

‘ಇನ್ನೇನು ಮಾಡಲಿ? ಹದಿನಾರು ಸಲ ಬಾಯಿ ತೆರೆದೆ.’ ರಾಯರು ನಕ್ಕರು. ‘ಸಂತೆ ಭಾನುವಾರವೇ ಇರುತ್ತದೆ, ಕೂಲಿಗೆ ಹೋಗುವವರಿಗೆ ಬಿಡುವು ಅವತ್ತೇ. ಹುಡುಗರ ಕಾಲು ನನ್ನ ಕೈಯಲ್ಲಿಲ್ಲ. ಸೊಪ್ಪಿನ ಬೀದಿಯನ್ನು ವಾಪಸು ಕೊಟ್ಟೆ, ಅದು ನನ್ನ ತಪ್ಪು. ನನ್ನ ಎದುರು ಇಷ್ಟು ಹೊತ್ತು ಯಾರೂ ಮಾತಾಡಿರಲಿಲ್ಲ, ನಾನು ಬಿಟ್ಟಿರಲಿಲ್ಲ. ನಿಮ್ಮ ಒಂದು ಮಾತು ಮನಸ್ಸಿಗೆ ಹತ್ತಿತು. ಯಾವ ಕಲ್ಲು ಏನು ಹಿಡಿದಿದೆ ಎಂದು ತಿಳಿಯದೆ ಕೀಳಬಾರದು. ಸರಿ, ತಿಳಿದೇ ಕೀಳೋಣ. ಈ ಕಲ್ಲಿನ ಭಾರ ಹೊತ್ತವರನ್ನೇ ಕೇಳುತ್ತೇನೆ. ಅಧ್ಯಕ್ಷರೇ, ಕಲ್ಲು ಇರಲೋ ಬೇಡವೋ?’

‘ಅವಳನ್ನ ನಾ ಕೇಳೀನಿ,’ ಎಂದೆ. ‘ಅವಳು ಒಪ್ಯಾಳ.’

ಹಾಲಮ್ಮ ನನ್ನ ಪಕ್ಕದಲ್ಲಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ದಿನಾ ನಡೆಯುವ ದಾರಿಯಲ್ಲಿ ನಡೆಯುವ ಹಾಗೆ, ಕಲ್ಲು ದಾಟಿ ನಮ್ಮ ಕಡೆ ತಿರುಗಿ ನಿಂತಳು.

‘ಇವರು ಕೇಳಿದ್ದು ಖರೆ,’ ಎಂದಳು. ‘ನಾ ಒಪ್ಪಿದ್ದು ಸುಳ್ಳು.’

ಅವಳ ದನಿ ನಾನು ನೆನಪಿಟ್ಟುಕೊಂಡದ್ದಕ್ಕಿಂತ ಸ್ವಲ್ಪ ದಪ್ಪವಾಗಿತ್ತು. ನಾನು ಸಿಟ್ಟಾಗಬೇಕಿತ್ತು, ಊರ ಮುಂದೆ ಮಾನ ಹೋಗಿತ್ತು. ಆದರೆ ಒಂದು ಗಳಿಗೆ ಅವಳು ಏನು ಹೇಳುತ್ತಿದ್ದಾಳೆಂಬುದು ನನ್ನ ಕಿವಿಗೆ ಬೀಳಲೇ ಇಲ್ಲ, ದನಿಯೊಂದೇ ಬಿತ್ತು. ಕಣ್ಣಲ್ಲಿ ನೀರು ಬಂತು. ಬಿಸಿಲು ಎದುರಿಗಿತ್ತು ಎಂದು ಗುರುಶಾಂತಪ್ಪನಿಗೆ ಆಮೇಲೆ ಹೇಳಿದೆ. ಬಿಸಿಲು ಬೆನ್ನಿಗಿತ್ತು ಎಂದು ಅವನು ನೆನಪಿಸಿದ.

‘ಮನಿಯಾಗ ಇವರು ಏನು ಕೇಳಿದ್ರೂ ತಲಿ ಅಲ್ಲಾಡಿಸೀನಿ, ಬ್ಯಾಡ ಬ್ಯಾಡ ಅಂತ. ಇವರು ಚೊಂಬು ಉಜ್ಜಿಕೊಂತ ಕೇಳೋರು, ತಲಿ ಎತ್ತಿದ್ರಲ್ಲೇನು ಕಾಣೋದು? ಎತ್ತಿದ್ರೂ ಸನ್ನೆ ಸಲ್ಲದು ಅನ್ನೋರು,’ ಎಂದಳು ಹಾಲಮ್ಮ. ಜನ ನನ್ನನ್ನು ನೋಡಿದರು. ‘ಅದಿರಲಿ, ಅದು ನಮ್ಮನಿ ಮಾತು. ಕಲ್ಲಿನ ಮಾತಿಗೆ ಬರ್ತೀನಿ. ಮೊದಲ ವರ್ಷ ರಾತ್ರಿಯೆಲ್ಲ ಅತ್ತೀನಿ, ಈ ಕಲ್ಲು ಹಾಳಾಗಲಿ ಅಂತ. ಆಮ್ಯಾಲೆ ಹೆಣ್ಣುಮಕ್ಕಳು ನಮ್ಮ ಅಡುಗಿಮನಿಗೆ ಬರಾಕ ಹತ್ತಿದ್ರು. ಗಂಡ ಹೊಡೆದದ್ದು, ನಳದಾಗ ನೀರು ಬರದ್ದು, ಮಗಳ ಸಾಲಿ ಬಿಡಿಸಿದ್ದು. ಎದುರು ಮಾತಾಡಾಕಿ ಇದ್ದಿದ್ರ ನಾ ನಡುವೆ ಬಾಯಿ ಹಾಕಿ ನನ್ನದೇ ಕಥಿ ಹೇಳ್ತಿದ್ದೆ. ಬಾಯಿ ಇರಲಿಲ್ಲ, ಪೂರಾ ಕೇಳಿದೆ. ಕೇಳಿ, ಇಲ್ಲಿ ಬಂದು ಮಾಬೂಸಾಬನ ಬೆಂಚಿನ ಮ್ಯಾಲೆ ಸದಸ್ಯರ ಕೂಡ ಜಗಳಾಡಿ ಆ ನಳ ಹಾಕಿಸೀನಿ. ಅದಕ್ಕ ಕಲ್ಲು ಇರಲಿ. ಇವರು ಅಂದ್ರು ಅಂತಲ್ಲ, ನಾ ಅಂತೀನಿ ಅಂತ.’

ಮುಂದಿನ ಬೀದಿಯ ನಲ್ಲಿಗಳು ಹೇಗೆ ಬಂದವೆಂದು ನಾನು ಯೋಚಿಸಿಯೇ ಇರಲಿಲ್ಲ. ಅಧ್ಯಕ್ಷರ ಪತಿಯ ವರ್ಚಸ್ಸಿನಿಂದ ಬಂದವೆಂದು ತಿಳಿದಿದ್ದೆ, ಒಂದಿಬ್ಬರು ನನಗೆ ಧನ್ಯವಾದ ಹೇಳಿದ್ದರು ಕೂಡ.

‘ಆದ್ರ ಸುಮ್ಮನಿದ್ದೋರು ಒಪ್ಯಾರ ಅನ್ನೋ ಮಾತು ಇವತ್ತಿಗೆ ಮುಗೀಲಿ,’ ಎಂದು ಹಾಲಮ್ಮ ಮುಂದುವರಿಸಿದಳು. ‘ಅಮಾಸಿಗೊಮ್ಮೆ ಊರೆಲ್ಲ ಕಲ್ಲು ದಾಟಿ ಈ ಬೇವಿನ ಗಿಡದ ಕೆಳಗ ಬರಬೇಕು. ತಿಂಗಳೆಲ್ಲ ನೀವು ಹೇಳ್ರಿ, ನಾ ಕೇಳ್ತೀನಿ. ಅವತ್ತೊಂದಿನ ನಾ ಹೇಳ್ತೀನಿ, ನೀವು ಕೇಳ್ರಿ. ಹೂಂ, ಇನ್ನೊಂದು. ಮುಂದಿನ ಸಲಾನೂ ನಾ ನಿಲ್ತೀನಿ.’

‘ಆಗಲಿ,’ ಎಂದರು ರಾಯರು. ಕಲ್ಲು ಕೀಳುವುದಿಲ್ಲ, ಊರು ಊರಾಗಿಯೇ ಇರುತ್ತದೆ ಎಂದು ಅಲ್ಲೇ ಮಾತು ಕೊಟ್ಟರು. ಕಾರು ಹತ್ತಿದ್ದೇ ತಡ, ಧ್ವನಿವರ್ಧಕ ಹಚ್ಚಿಕೊಂಡು, ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರು ಮಾಡಿದರು: ‘ಮಹತ್ತರವಾದ ಸಂದೇಶವನ್ನು ತಂದಿದ್ದೇನೆ, ಬಂಧುಗಳೇ...’ ಆ ದನಿ ದಾರಿಯುದ್ದಕ್ಕೂ ಕೇಳಿಸುತ್ತಾ ಕೇಳಿಸುತ್ತಾ ದೂರವಾಯಿತು. ಔಷಧಿ ಎಷ್ಟು ದಿನ ಹಿಡಿಯುತ್ತದೋ ಗೊತ್ತಿಲ್ಲ.

ಜನ ಚದುರಿದರು. ‘ಗೆದ್ದಿ ಬಿಡೋ ಕೊಟ್ರ, ನೀ ಕೇಳಿದ ಕಲ್ಲು ಉಳೀತು,’ ಎಂದು ಗುರುಶಾಂತಪ್ಪ ಹೆಗಲ ಮೇಲೆ ಕೈಹಾಕಿದ. ಹೌದು, ನಾನು ಗೆದ್ದಿದ್ದೆ. ನಾನು ಕೇಳಿದ್ದೇ ನನಗೆ ಸಿಕ್ಕಿತ್ತು. ನಮ್ಮಪ್ಪನ ಕಲ್ಲು ಇದ್ದಲ್ಲೇ ಇತ್ತು. ನನ್ನ ಮನೆಯಲ್ಲಿ ಇನ್ನೂ ಒಂದು ಪೂರಾ ಅವಧಿ ಮಾತಿರುವುದಿಲ್ಲ, ಅದನ್ನು ಊರ ಪರವಾಗಿ ಶಲ್ಯ ಹೊದ್ದುಕೊಂಡು ನಾನೇ ಕೇಳಿ ಪಡೆದಿದ್ದೆ.

ಹಾಲಮ್ಮ ಮನೆಗೆ ಬರಲಿಲ್ಲ. ಎಂದಿನಂತೆ ಮಾಬೂಸಾಬನ ಬೆಂಚಿನ ಮೇಲೆ ಹೋಗಿ ಕೂತಳು. ನಾನು ಕಲ್ಲಿನ ಪಕ್ಕ ನಿಂತಿದ್ದೆ. ನಾನೇ ಬಳಿದ ಸುಣ್ಣ ಅಲ್ಲಲ್ಲಿ ಎದ್ದಿತ್ತು. ಅಪ್ಪನ ಮಾತು ನೆನಪಾಯಿತು. ಅಮ್ಮ ಒಮ್ಮೆಯೂ ಯಾವ ಚುನಾವಣೆಗೂ ನಿಂತವಳಲ್ಲ, ಮನೆಯಲ್ಲೇ ಅವನಿಗೆ ಬೇಕಾದಷ್ಟು ಬೈಯುತ್ತಿದ್ದಳು ಎಂಬುದೂ ನೆನಪಾಯಿತು. ಅವನಿಗೇನು, ಹೇಳುತ್ತಾನೆ.

ಕಲ್ಲು ದಾಟಿದೆ. ಏನೂ ಆಗಲಿಲ್ಲ. ಆಚೆಯ ಮಣ್ಣೂ ಮಣ್ಣೇ. ಮಾಬೂಸಾಬ ನನ್ನನ್ನು ಕಂಡು ಸೌಟು ಕೈಯಲ್ಲೇ ಹಿಡಿದು ನಿಂತ. ‘ಬರ್ರಿ ಸಾವ್ಕಾರ್ರ, ಯಾವ ಬೆಂಚು? ಮಾತಿಂದೋ, ಜಗಳದ್ದೋ?’ ಎಂದು ಕೇಳಿದ.

‘ಅದು ಅವಳನ್ನ ಕೇಳು,’ ಎಂದೆ.

ಹಾಲಮ್ಮ ಸರಿದು ಜಾಗ ಮಾಡಿದಳು. ಚಹಾ ಬಂತು, ಸ್ಟೀಲಿನ ಲೋಟದಲ್ಲಿ. ಏನೂ ಅನ್ನದೆ ಕುಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು, ನಾನೂ ಉಜ್ಜಲು ಕೈಯಲ್ಲಿ ಚೊಂಬಿಲ್ಲದ್ದರಿಂದ ಅವಳನ್ನು ನೋಡಿದೆ.

‘ಬಂದ್ರಾ, ಊರು ಉದ್ಧಾರ ಆತಾ?’ ಎಂದಳು.

ನನಗೆ ಉತ್ತರ ಹೊರಡಲಿಲ್ಲ. ನಾನು ಯಾವ ಚುನಾವಣೆಯನ್ನೂ ಗೆದ್ದವನಲ್ಲ, ಅದೂ ಅಲ್ಲದೆ ಕಲ್ಲಿನಾಚೆ ಕೂತಿದ್ದೆ. ‘ಏನಾರ ಹೇಳು ಹಾಲಿ,’ ಎಂದೆ ಕೊನೆಗೆ.

‘ಎಲ್ಲಿಂದ ಹೇಳ್ಲಿ?’

‘ಮೊದಲಿಂದ.’

ಅವಳು ಲೋಟ ಕೆಳಗಿಟ್ಟಳು, ಕಾಲು ಮಡಚಿ ಬೆಂಚಿನ ಮೇಲೆ ಗಟ್ಟಿಯಾಗಿ ಕೂತಳು. ‘ಮೊದಲು ನಮ್ಮವ್ವನ ಹಂಡೆ,’ ಎಂದು ಶುರು ಮಾಡಿದಳು. ಆ ಹಂಡೆಯ ಬಿಸಿನೀರಿನಲ್ಲಿ ಅವರವ್ವ ಚಿಕ್ಕಂದಿನಲ್ಲಿ ಇವಳಿಗೆ ನೀರು ಎರೆಯುತ್ತಿದ್ದದ್ದನ್ನು ಹೇಳಿದಳು. ಬೋರ್ಡು ನಾಳೆ ಬೆಳಿಗ್ಗೆ ಇಳಿಯಬೇಕು, ಇಳಿದು ಮತ್ತೆ ಹಂಡೆಯಾಗಬೇಕು, ತಾಮ್ರ ಕಡಿಮೆ ಬಿದ್ದರೆ ಅಂಗಡಿಯದ್ದು ಸೇರಿಸಬೇಕು ಎಂದಳು. ನಾನು ಸುಮ್ಮನಿದ್ದೆ. ‘ಸುಮ್ಮನಿದ್ರ ನಡಿಯಂಗಿಲ್ಲ, ಬಾಯಿಬಿಟ್ಟು ಹೇಳ್ರಿ,’ ಎಂದಳು. ಆಗಲಿ ಎಂದು ಬಾಯಿಬಿಟ್ಟು ಹೇಳಿದೆ. ಆಮೇಲೆ ಹಸಿರು ಬಾಗಿಲಿಗೆ ಬಂದಳು, ಅಲ್ಲಿಂದ ಹೀರೇಕಾಯಿಗೆ. ದೀಪ ಹಚ್ಚುವ ಹೊತ್ತಾಯಿತು, ಉಳಿದವರೆಲ್ಲ ಎದ್ದುಹೋದರು, ಮಾಬೂಸಾಬ ಬೇವಿನ ಕೊಂಬೆಗೆ ಕಂದೀಲು ತೂಗುಹಾಕಿದ. ಹಾಲಮ್ಮ ಇನ್ನೂ ಮೊದಲ ವರ್ಷದ ದೀಪಾವಳಿಯ ಮಾತಿನಲ್ಲೇ ಇದ್ದಳು. ನಾನು ಇನ್ನೆರಡು ಚಹಾ ಹೇಳಿದೆ.